ಸೇತುವೆಯ ಈಚೆ

ಫೆಬ್ರವರಿ 19, 1964

ಕಬ್ಬು ಕಡಿಯುವವರು ಇವತ್ತಿನಿಂದ ಕೆಲಸ ನಿಲ್ಲಿಸಿದ್ದಾರೆ. ಬೆಳಿಗ್ಗೆ ಎತ್ತರದ ಕಂಬಗಳ ಮೇಲೆ ನಿಂತ ನನ್ನ ಮನೆಯ ಕೆಳಗೆ, ಆ ಕಂಬಗಳ ನಡುವಿನ ನೆರಳಿನಲ್ಲಿ ಸಭೆ ಸೇರಿತ್ತು. ಜಾಗ ಸಾಲದೆ ಕಾಲುವೆಯ ದಂಡೆಯವರೆಗೂ ಜನ ನಿಂತಿದ್ದರು. ಮಚ್ಚುಗಳನ್ನು ಗೇಟಿನ ಹೊರಗೇ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದ್ದೆ. ಕಡಿಯುವವರ ಮುಂದಾಳು ಬುಧ್‌ರಾಮ್ ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದ. ಕೇಳಿದ್ದಕ್ಕೆ, "ಮೆಂಬರ್ ಸಾಬ್, ಇದಿಲ್ದೆ ನಡೆದ್ರೆ ನಂಗೆ ಒಂದು ಕಡೆ ವಾಲುತ್ತೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮ್ಮ ಜಗಳ ಸಕ್ಕರೆ ಕಂಪನಿಯ ಜೊತೆ, ಸೇತುವೆಯಾಚೆಯ ಕರಿಯರ ಊರು ಬ್ಯೂಫೋರ್ಟಿನವರ ಜೊತೆ ಅಲ್ಲ ಎಂದು ಬಿಡಿಸಿ ಹೇಳಿದೆ. ಅವರ ಸಂಘ ಬೇರೆ, ಅವರು ಕಾರ್ಖಾನೆಗೆ ಹೋಗುತ್ತಾರೆ. ಅದು ಅವರ ಹೊಟ್ಟೆಯ ವಿಷಯ. ಈ ಕ್ಷೇತ್ರದಿಂದ ಶಾಸನಸಭೆಗೆ ಎರಡು ಸಲ ಗೆದ್ದಿದ್ದೇನೆ, ಎರಡು ಸಲವೂ ಬ್ಯೂಫೋರ್ಟಿನ ವೋಟು ನನಗೆ ಬಿದ್ದಿದೆ. "ನಾನು ಮೆಂಬರ್ ಆಗಿರೋ ತನಕ ಇಲ್ಲಿ ಒಂದು ಕಲ್ಲೂ ಹಾರಬಾರ್ದು" ಎಂದು ಮಾತು ಮುಗಿಸಿದೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಫೆಬ್ರವರಿ 28, ಶುಕ್ರವಾರ

ಇವತ್ತು ಫಗ್ವಾ, ನಮ್ಮ ಹೋಳಿ. ಮುಷ್ಕರದ ನಡುವೆ ಬಣ್ಣ ಬೇಡ ಎಂದು ಕೆಲವರು ಅಂದರು, ಮಕ್ಕಳು ಕೇಳಲಿಲ್ಲ. ಪ್ರತಿ ವರ್ಷದಂತೆ ಕಥ್ಬರ್ಟ್ ಬೋವೆಲ್ ಬಿಳಿ ಅಂಗಿ ಹಾಕಿಕೊಂಡು, ಕಂಕುಳಲ್ಲಿ ರಮ್ ಬಾಟಲಿ ಇಟ್ಟುಕೊಂಡು ಸೇತುವೆ ದಾಟಿ ಬಂದ. ನನ್ನ ತಂಗಿ ಫುಲ್ಮತಿ ಮೆಟ್ಟಿಲ ಮೇಲೆ ಬಕೆಟ್ ಹಿಡಿದು ಕಾದಿದ್ದಳು. ಪೂರ್ತಿ ತಲೆಯ ಮೇಲೆ ಸುರಿದಳು.

"ನಂದನ್, ನಿನ್ನ ತಂಗಿಗೆ ಬುದ್ಧಿ ಹೇಳಯ್ಯಾ. ಈ ಕರೀ ಮೈ ಮೇಲೆ ಕೆಂಪು ನೀರು ಸುರಿದು ಸುಮ್ನೆ ದಂಡ. ಮುಂದಿನ ವರ್ಷ ಸುಣ್ಣ ಕಲಸಿಡಿ."

"ಸುಣ್ಣ ಯಾಕೆ, ಸಗಣಿ ಕಲಸಿಡ್ತೀನಿ, ಬಾ" ಅಂದಳು ಫುಲ್ಮತಿ. ಅವಳ ಅಂಗಡಿ ಇರುವುದು ಬ್ಯೂಫೋರ್ಟಿನಲ್ಲಿ, ಕಥ್ಬರ್ಟನ ಮನೆಯ ಎದುರಿಗೆ. ಗಂಡ ಹೋದ ಮೇಲೂ ಅಲ್ಲೇ ಉಳಿದಳು. ಕಥ್ಬರ್ಟನ ಹೆಂಡತಿ ಐರಿಸ್ ಮತ್ತು ಇವಳು ಒಂದೇ ಒಲೆಯಲ್ಲಿ ಬೇಯಿಸಿಕೊಳ್ಳುವಷ್ಟು ಹತ್ತಿರ.

ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತಿದ್ದ ಅವನ ಬೆರಳುಗಳನ್ನು ನೋಡಿದೆ. ಒಂದೊಂದೂ ಒಂದೊಂದು ಕಡೆಗೆ ತಿರುಗಿವೆ. ಹನ್ನೊಂದು ವರ್ಷ ನನ್ನ ಚೆಂಡು ಹಿಡಿದು ಆದದ್ದು. ಈ ಕರಾವಳಿಯಲ್ಲಿ ನನ್ನಷ್ಟು ವೇಗವಾಗಿ ಚೆಂಡು ಹಾಕಿದವರಿಲ್ಲ, ಸ್ಟಂಪಿನ ಹಿಂದೆ ಅವನಷ್ಟು ಸುಮ್ಮನೆ ನಿಂತವರೂ ಇಲ್ಲ.

ಎರಡು ಗ್ಲಾಸು ಆದ ಮೇಲೆ ದನಿ ಇಳಿಸಿದ. "ಸೋಮವಾರದಿಂದ ಕಂಪನಿ ಲಾರಿ ಬಿಡ್ತಾರೆ. ನಮ್ಮೂರ ಹುಡುಗ್ರನ್ನ ಕಬ್ಬು ಕಡಿಯೋಕೂ ಕರೀತಿದಾರೆ. ನನ್ನ ಅಳಿಯ ಡೆಜ್ಮಂಡ್ ಹೆಸರು ಕೊಟ್ಟಿದಾನೆ. ಮನೇಲಿ ಹಸುಗೂಸು. ಬೇಡ ಅನ್ನೋಕೆ ನಂಗೆ ಬಾಯಿಲ್ಲ."

"ಹೋಗ್ಲಿ ಬಿಡು. ಯಾರೂ ಮುಟ್ಟಲ್ಲ."

"ನಿನ್ನ ಬಾಯಿಂದ ಬಂತಲ್ಲ, ಸಾಕು. ನಿಮ್ಮಜ್ಜ ಕೂಲಿ ಹಡಗಿಂದ ಇಳಿಯೋ ಹೊತ್ತಿಗೆ ನಮ್ಮಜ್ಜ ಈ ಕಾಲುವೆ ತೋಡಿ ಮುಗಿಸಿ ಸಂಕೋಲೆ ಬಿಚ್ಚಿಟ್ಟಿದ್ದ. ತಡವಾಗಿ ಬಂದೋರು ನೀವು, ನಿಮ್ಮ ಮಾತನ್ನಾದ್ರೂ ಸರಿಯಾಗಿ ಇಟ್ಕೊಳ್ಳಿ" ಎಂದು ನಗುತ್ತಾ ಹೋದ.

ಮಾರ್ಚ್ 9

ಲಛ್ಮನ್ ಸತ್ತ. ಬುಧ್‌ರಾಮನ ತಮ್ಮ.

ಸೇತುವೆಯ ಬಳಿ ನಮ್ಮವರು ರಸ್ತೆಗೆ ಅಡ್ಡ ಕೂತಿದ್ದರು. ಕಂಪನಿಯ ಲಾರಿ ಬಂದು ನಿಂತಿತು. ಒಳಗಿನಿಂದ ಬಿಳಿಯ ಓವರ್‌ಸಿಯರ್ ಏನೋ ಕೂಗಿದ. ಲಾರಿ ಮತ್ತೆ ಹೊರಟಿತು. ಎಲ್ಲರೂ ಎದ್ದು ಚೆದುರಿದರು. ಲಛ್ಮನ್ ಏಳಲಿಲ್ಲ. ನಿಲ್ಲಿಸುತ್ತಾರೆ ಎಂದುಕೊಂಡಿದ್ದ. ಮುಂದಿನ ಚಕ್ರ ಅವನನ್ನು ಬೀಳಿಸಿತು, ಹಿಂದಿನದು ಎದೆಯ ಮೇಲೆ ಹತ್ತಿ ಇಳಿಯಿತು. ನಾನು ಓಡಿ ಹೋಗುವ ಹೊತ್ತಿಗೆ ಬಾಯಿಂದಲೂ ಕಿವಿಯಿಂದಲೂ ರಕ್ತ ಬರುತ್ತಿತ್ತು, ಕಣ್ಣುಗಳು ತೆರೆದೇ ಇದ್ದವು.

ಜನ ಡ್ರೈವರನನ್ನು ಕಿಟಕಿಯಿಂದಲೇ ಎಳೆದು ಹಾಕಿದರು. ಬ್ಯೂಫೋರ್ಟಿನ ಹುಡುಗ, ಇಪ್ಪತ್ತು ದಾಟಿರಲಿಕ್ಕಿಲ್ಲ. ನಾನು ಅವನ ಮೇಲೆ ಅಡ್ಡ ಬಿದ್ದೆ. ಬೆನ್ನಿಗೆ ದೊಣ್ಣೆಯ ಏಟು, ತಲೆಗೆ ಒಂದು. "ಮೊದ್ಲು ನನ್ನ ಕಡೀರಿ, ಆಮೇಲೆ ಅವನ್ನ" ಎಂದು ಕೂಗಿದೆ. ಬುಧ್‌ರಾಮ್ ಮಚ್ಚು ಎತ್ತಿದ್ದವನು ನನ್ನ ಮುಖ ನೋಡಿ ಇಳಿಸಿದ. ಕೆಳಗಿದ್ದ ಹುಡುಗ ಹೆದರಿಕೆಯಿಂದ ನನ್ನ ಅಂಗಿಯ ಮೇಲೆಲ್ಲ ಕಾರಿಕೊಂಡ. ಸೇತುವೆಯ ಮಧ್ಯದವರೆಗೆ ಅವನನ್ನು ಎಳೆದುಕೊಂಡು ಹೋದೆ. ಆಚೆಯಿಂದ ಕಥ್ಬರ್ಟ್ ಓಡಿ ಬಂದು ಇನ್ನೊಂದು ತೋಳು ಹಿಡಿದ. 

ತಲೆಗೆ ಐದು ಹೊಲಿಗೆ ಬಿದ್ದಿವೆ.

ಮಾರ್ಚ್ 11

ಲಛ್ಮನ್‌ನ ಕ್ರಿಯೆ. ಸಮುದ್ರದ ದಂಡೆಯಲ್ಲಿ ಇಷ್ಟು ಜನರನ್ನು ನಾನು ಹಿಂದೆ ನೋಡಿರಲಿಲ್ಲ. ಬರೆದುಕೊಂಡು ಹೋಗಿದ್ದ ಮಾತು ಬಾಯಿಗೆ ಬರಲಿಲ್ಲ, ಬೇರೆ ಬಂತು.

"ನಾನು ಚೆಂಡು ಹಾಕೋ ಕಾಲ್ದಲ್ಲಿ, ಮುಂದೆ ಮುಂದೆ ಬಂದು ಆಡೋರಿಗೆ ಹಿಂದಕ್ಕೆ ಹೋಗಿ ಅಂತ ಯಾವತ್ತೂ ಬಾಯಲ್ಲಿ ಹೇಳ್ಲಿಲ್ಲ. ಒಂದು ಚೆಂಡು ಕಿವಿ ಪಕ್ಕ ಹೋದ್ರೆ ಅವರಿಗೇ ತಿಳೀತಿತ್ತು."

 ಆಮೇಲೆ ಎದ್ದ ಗದ್ದಲ ನನ್ನನ್ನು ನೇರವಾಗಿ ಮೂವತ್ತೆಂಟನೇ ಇಸವಿಗೆ ಕೊಂಡೊಯ್ದಿತು. ಎಸ್ಟೇಟಿನ ಬಿಳಿಯರ ತಂಡದ ಜೊತೆ ಪಂದ್ಯ. ಅವರ ಕ್ಯಾಪ್ಟನ್ ನಮ್ಮಪ್ಪನನ್ನು ಗದ್ದೆಯಲ್ಲಿ ಬೂಟಿನಿಂದ ಒದ್ದಿದ್ದವನು. ನಾಲ್ಕನೆಯ ಚೆಂಡು ಅವನ ದವಡೆಗೆ ಬಿತ್ತು. ಒಣ ಕೊಂಬೆ ಮುರಿದಂಥ ಸದ್ದು. ಪಿಚ್ಚಿನ ಮೇಲೆ ಹಲ್ಲು. ಕಥ್ಬರ್ಟ್ ಗ್ಲೌಸು ಬಿಚ್ಚಿ ಹಲ್ಲು ಹೆಕ್ಕಿ, ತನ್ನ ಟವೆಲನ್ನು ಅವನ ಬಾಯಿಗೆ ಒತ್ತಿ ಹಿಡಿದ. ನಾನು ಓಟ ಶುರುಮಾಡುವ ಜಾಗದಲ್ಲೇ ನಿಂತಿದ್ದೆ. ಬೇಲಿಯಾಚೆ ಕೂಲಿ ಜನ ಕೂಗಿದ ಕೂಗು ಈಗಲೂ ಕಿವಿಯಲ್ಲಿದೆ. ಚುನಾವಣೆ ಎಂಬುದು ಈ ದೇಶಕ್ಕೆ ಬರುವ ಎಷ್ಟೋ ವರ್ಷ ಮೊದಲೇ ನಾನು ಅವತ್ತು ಗೆದ್ದಾಗಿತ್ತು.

ಇವತ್ತಿನ ಮಾತು ಚೆನ್ನಾಗಿತ್ತು. ಕಥ್ಬರ್ಟ್ ದೂರದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಮಾತು ಮುಗಿಯುವಷ್ಟರಲ್ಲಿ ಹೋಗಿದ್ದ.

ಮಾರ್ಚ್ 26

ಬುಧ್‌ರಾಮ್ ಬಂದು ನನ್ನ ಅಕ್ಕಿ ಗಿರಣಿಯ ಹಿಂದಿನ ಕೊಟ್ಟಿಗೆಯ ಕೀಲಿ ಕೇಳಿದ. ಮುಷ್ಕರದವರಿಗೆ ಅಕ್ಕಿ ಇಡಲಿಕ್ಕೆ ಅಂದ. ಕೊಟ್ಟೆ. ಸಂಜೆ ಆ ಕಡೆ ಹೋದಾಗ ಸೀಮೆಎಣ್ಣೆಯ ವಾಸನೆ ಬಂತು, ಖಾಲಿ ಬಾಟಲಿಗಳ ಸದ್ದು. ಬುಧ್‌ರಾಮ್ ಬಾಗಿಲಿಗೆ ಅಡ್ಡ ನಿಂತ. "ಸಾಬ್, ನೀವು ಇತ್ಲಾಗೆ ಬರ್ಬೇಡಿ."

ನನಗೂ ಬರುವ ಅಗತ್ಯವಿರಲಿಲ್ಲ. ಅಕ್ಕಿ ಎಷ್ಟಿದೆ ಎಂದು ನೋಡಲು ಹೋಗಿದ್ದೆ ಅಷ್ಟೆ.

ಏಪ್ರಿಲ್ 4

ಬೆಳಿಗ್ಗೆ ಕಾರ್ಖಾನೆಯ ತಿರುವಿನಲ್ಲಿ ಲಾರಿಯೊಳಕ್ಕೆ ಬಾಂಬು ಬಿದ್ದಿದೆ. ಒಳಗೆ ಇದ್ದವರೆಲ್ಲ ಬ್ಯೂಫೋರ್ಟಿನ ಕರಿಯರು. ಮೂವರಿಗೆ ಮೈಯೆಲ್ಲ ಸುಟ್ಟಿದೆ. ಒಬ್ಬ ಉರಿಯುತ್ತಲೇ ಹಾರಿ ಕಾಲುವೆಗೆ ಬಿದ್ದನಂತೆ. ನೀರಿನಿಂದ ಎತ್ತಿದಾಗ ಅಂಗಿಯ ಜೊತೆ ಚರ್ಮವೂ ಬಂತಂತೆ. ಅವನು ಡೆಜ್ಮಂಡ್. ಆಸ್ಪತ್ರೆಯ ಬಾಗಿಲಲ್ಲೇ ಹೋದ.

ಮಧ್ಯಾಹ್ನ ಕಥ್ಬರ್ಟ್ ಬಂದ. ಮೆಟ್ಟಿಲು ಹತ್ತಲಿಲ್ಲ. ಗೇಟಿನಲ್ಲೇ ನಿಂತ. ಅಂಗೈಗಳಿಗೆ ಮಸಿ ಅಂಟಿತ್ತು.

"ಯಾರು, ನಂದನ್?"

"ನಂಗೆ ಹೇಗೆ ಗೊತ್ತಾಗ್ಬೇಕು?"

"ನಿಂಗೆ ಗೊತ್ತಿಲ್ದೆ ಈ ಊರಲ್ಲಿ ಕೋಳಿ ಮೊಟ್ಟೆ ಇಡಲ್ಲ."

"ಲಛ್ಮನ್ ಸತ್ತಾಗ ನಾನು ಬಂದು ನಿನ್ನ ಹಿಂಗೆ ಕೇಳಿದ್ನಾ?"

"ಕೇಳ್ಬೇಕಿತ್ತು. ಡ್ರೈವರ್ ಹೆಸ್ರು ನಾನೇ ಪೊಲೀಸ್ನೋರಿಗೆ ಹೇಳ್ದೆ. ಅವ್ನು ನನ್ನ ಅಕ್ಕನ ಮಗ. ಈಗ ಜೈಲಲ್ಲಿದಾನೆ. ನಾನು ಒಂದು ಹೆಸ್ರು ಕೊಟ್ಟಿದೀನಿ. ನೀನು ಒಂದು ಕೊಡು."

ಹಿತ್ತಲಲ್ಲಿ ಬುಧ್‌ರಾಮ್ ಕೈ ತೊಳೆಯುತ್ತಿದ್ದ. ನಾನು ಕಥ್ಬರ್ಟನಿಗೆ ಒಳಗೆ ಬಾ, ನೀರು ಕುಡಿ ಅಂದೆ. ಅವನು ನನ್ನನ್ನೇ ನೋಡುತ್ತಾ ನಿಂತು, ಆಮೇಲೆ ಹೊರಟು ಹೋದ. ಅವನ ಮಾತಿನಲ್ಲಿ ಇತ್ತೀಚೆಗೆ ಒಂದು ಬಗೆಯ ಅಹಂಕಾರ ಕಾಣುತ್ತಿದೆ.

ಏಪ್ರಿಲ್ 6

ಡೆಜ್ಮಂಡನ ಮಣ್ಣಿಗೆ ಹೋಗಲಿಲ್ಲ. ಹೂವಿನ ಚಕ್ರ ಕಳಿಸಿದೆ. ಸೇತುವೆಯ ಈಚೆಗೆ ಎಸೆದು ಹೋಗಿದ್ದಾರೆ. ದನ ತಿಂದವು.

ಮೇ 9

ನನ್ನ ಗಿರಣಿ ಸುಟ್ಟರು.

ನಾಲ್ಕು ಗಂಟೆಗೆ ಹೊಗೆ ಕಂಡಿತು. ಹೋಗುವಷ್ಟರಲ್ಲಿ ಛಾವಣಿ ಕುಸಿದಿತ್ತು. ಹಿಂದಿನ ಕೊಟ್ಟಿಗೆಗೆ ಬೆಂಕಿ ಹತ್ತಿದಾಗ ಆದ ಸ್ಫೋಟಕ್ಕೆ ಹತ್ತಿರದ ಎರಡು ಮನೆಗಳ ಕಿಟಕಿ ಹಾರಿದವು. ಕಾವಲಿನ ಮುದುಕ ರಾಮ್‌ಶರಣ್ ಒಳಗೇ ಇದ್ದ. ಅವನನ್ನು ಗುರುತಿಸಿದ್ದು ಸೊಂಟದ ಬೆಲ್ಟಿನ ಕೊಂಡಿಯಿಂದ.

ಬ್ಯೂಫೋರ್ಟಿನಲ್ಲಿದ್ದ ನಮ್ಮವರ ಮನೆಗಳಿಗೂ ಬೆಂಕಿ ಇಟ್ಟಿದ್ದಾರೆ. ಹೆಂಗಸರು ಮಕ್ಕಳು ಗಂಟುಮೂಟೆ ಹೊತ್ತುಕೊಂಡು ಸೇತುವೆ ದಾಟಿ ಬಂದರು. ಒಬ್ಬಳ ಸೀರೆ ಇರಲಿಲ್ಲ, ಮೈಗೆ ಗೋಣಿಚೀಲ ಸುತ್ತಿಕೊಂಡಿದ್ದಳು. ನಾನು ಮುಖ ತಿರುಗಿಸಿದೆ. ಬಂದವರಲ್ಲಿ ಫುಲ್ಮತಿ ಇಲ್ಲ.

ನಮ್ಮ ಹುಡುಗರು ಒಬ್ಬನನ್ನು ಹಿಡಿದರು. ಸೈಕಲ್ಲಿನ ಮೇಲೆ ಮೀನು ಮಾರುವವನು, ಇಷ್ಟು ವರ್ಷ ನನ್ನ ಗೇಟಿನ ಮುಂದೆಯೇ ಕೂಗಿ ಮಾರುತ್ತಿದ್ದ. ಹೆಸರು ಒಂದು ಸಲವೂ ಕೇಳಿರಲಿಲ್ಲ. ಗೇಟಿನ ಕಂಬಕ್ಕೆ ಕಟ್ಟಿದ್ದರು.

"ಯಾರು ಹಚ್ಚಿದ್ದು?" ಅಂದೆ.

"ಗೊತ್ತಿಲ್ಲ ಸಾರ್. ನಾನು ಸಮುದ್ರದ ಹತ್ರ ಇದ್ದೆ. ಮೀನು ನೋಡಿ ಸಾರ್, ಇನ್ನೂ ಹಸಿ ಇದೆ."

ಗೊತ್ತಿದ್ದೂ ಗೊತ್ತಿಲ್ಲ ಅನ್ನುವವನ ಮುಖ ನನಗೆ ತಿಳಿಯುತ್ತದೆ. ಪಕ್ಕದಲ್ಲಿ ಸಲಿಕೆಯ ಹಿಡಿ ಬಿದ್ದಿತ್ತು. ಎರಡು ಕೊಟ್ಟೆ, ಮಂಡಿಗೆ. ಎರಡನೆಯದಕ್ಕೆ ಮೂಳೆ ಬಿಟ್ಟಿದ್ದು ಕೈಗೇ ತಿಳಿಯಿತು. ಅವನು ಕೂಗಿದ ಕೂಗಿಗೆ ಬುಧ್‌ರಾಮನೇ, "ಸಾಬ್, ಸಾಕು ಬಿಡಿ" ಅಂದ. ಅವನ ಬಾಯಲ್ಲಿ ಆ ಮಾತು ಕೇಳಿ ನಗು ಬಂತು.

ಬಲ ಭುಜ ಎಷ್ಟೋ ವರ್ಷಗಳಿಂದ ಹಿಡಿದುಕೊಂಡಿತ್ತು. ಈಗ ಹಗುರಾಗಿದೆ.

ಮೇ 14

ಇಂಗ್ಲಿಷ್ ಸೈನ್ಯದ ಕ್ಯಾಪ್ಟನ್ ಬಂದಿದ್ದ. ಕೆಂಪು ಮುಖದ ಯುವಕ. ನನ್ನ ಹೆಸರು ಹೇಳಿದ ಕೂಡಲೇ, "ಆ ಸೂಖ್‌ನಂದನ್ ನೀವೇನಾ? ನಮ್ಮ ಚಿಕ್ಕಪ್ಪ ನಿಮ್ಮ ಬೌಲಿಂಗ್ ಎದುರು ಆಡಿದ್ರಂತೆ. ಒಂದು ಪಕ್ಕೆಲುಬು ಇಲ್ಲೇ ಬಿಟ್ಟು ಬಂದೆ ಅಂತಿದ್ರು" ಎಂದು ಕೈ ಕುಲುಕಿದ. ಚಹಾ ಕುಡಿದ. ಗಲಭೆ ನಿಲ್ಲಿಸಲು ಮುಖಂಡರು ಸಹಕರಿಸಬೇಕು ಅಂದ. ಖಂಡಿತ ಅಂದೆ. ಅವನ ಜೀಪು ತಿರುವಿನಲ್ಲಿ ಮರೆಯಾಗುತ್ತಲೇ ಸಭೆ ಕರೆದೆ.

ಸೇತುವೆಗೆ ಕಾವಲು ಹಾಕಿದ್ದೇನೆ. ಆಚೆಯಿಂದ ಯಾರೇ ಬರಲಿ, ಗಂಡಸಾಗಲಿ ಹೆಂಗಸಾಗಲಿ, ಈಚೆಗೆ ಕಾಲಿಡಬಾರದು. ಬುಧ್‌ರಾಮ್ ಕೇಳಿದ: "ಕಾಲಿಟ್ರೆ?"

"ಕೇಳೋ ಪ್ರಶ್ನೆನಾ ಅದು?"

ಫುಲ್ಮತಿಯಿಂದ ಸುದ್ದಿ ಬಂದಿದೆ. ಅಂಗಡಿ ಲೂಟಿಯಾಗಿದೆ, ಅವಳು ಐರಿಸ್ ಜೊತೆ ಇದ್ದಾಳೆ, ಬರುವುದಿಲ್ಲವಂತೆ. ನಾವು ಯಾರು ಅವರು ಯಾರು ಎಂಬುದೇ ಅವಳಿಗೆ ಮರೆತು ಹೋಗಿದೆ.

ಮೇ 24, ಭಾನುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಿನ್ನೆ ಸಂಜೆ ಹೊತ್ತು ಇಳಿಯುವಾಗ ನಾನು ಸೇತುವೆಯ ಬಳಿ ಇದ್ದೆ. ಗದ್ದೆಗೆ ಯಾರೋ ಬೆಂಕಿ ಇಟ್ಟಿದ್ದರು, ಕಬ್ಬಿನ ಹೊಗೆ ರಸ್ತೆಯ ಮೇಲೆ ಹಾಸಿಕೊಂಡಿತ್ತು. ನಮ್ಮ ಹುಡುಗರು ಬಹಳ ಮಂದಿ ಇದ್ದರು. ಹಿಂದಿನ ದಿನ ಆಚೆಯವರು ನಮ್ಮವರಿಬ್ಬರನ್ನು ಕಾಲುವೆಯ ತೂಬಿನ ಹತ್ತಿರ ಕೊಚ್ಚಿ ಹಾಕಿದ್ದರು. ಆ ಹೆಣಗಳನ್ನು ಈ ಹುಡುಗರೇ ಹೊತ್ತು ತಂದಿದ್ದರು. ಯಾರಿಗೂ ಊಟ ಸೇರಿರಲಿಲ್ಲ.

ಆಚೆಯಿಂದ ಇಬ್ಬರು ಬಂದರು. ಗಂಡಸು, ಹೆಂಗಸು. ಹೆಂಗಸು ಉದ್ದ ಫ್ರಾಕು ತೊಟ್ಟು, ಚರ್ಚಿಗೆ ಹೋಗುವವರ ಅಗಲ ಟೋಪಿ ಹಾಕಿದ್ದಳು. ಗಂಡಸು ಒಂದು ಬಿಳಿ ಬಟ್ಟೆಯನ್ನು ಮೇಲೆತ್ತಿ ಹಿಡಿದಿದ್ದ. ಹೊಗೆಯಲ್ಲಿ ಮುಖ ಕಾಣುತ್ತಿರಲಿಲ್ಲ. "ನಿಲ್ಲಿ" ಎಂದು ಯಾರೋ ಕೂಗಿದರು. ಅವರು ನಿಲ್ಲಲಿಲ್ಲ, ಬರುತ್ತಲೇ ಇದ್ದರು. ಎಲ್ಲರೂ ನನ್ನ ಕಡೆ ನೋಡಿದರು.

ರೈಲು ಹಳಿಯ ಕೆಳಗೆ ಹಾಸುವ ಜಲ್ಲಿಯ ರಾಶಿ ಅಲ್ಲೇ ಇತ್ತು. ಕೈಗೆ ಸಿಕ್ಕಿದ್ದನ್ನು ಎತ್ತಿದೆ. ತೂಕ ಸರಿಯಾಗಿತ್ತು. ಎರಡು ಹೆಜ್ಜೆ ಓಡಿದೆ, ತೋಳು ತಾನಾಗಿಯೇ ಹೋಯಿತು. ಐವತ್ತೆರಡನೇ ವಯಸ್ಸಿಗೆ ಅಷ್ಟು ದೂರ ಅಷ್ಟು ನೇರ ಹೋಗುತ್ತದೆಂದು ನಾನೇ ನಂಬಿರಲಿಲ್ಲ. ಗಂಡಸಿನ ಹಣೆಯ ಪಕ್ಕಕ್ಕೆ ಬಿತ್ತು. ಅವನು ಕೈ ಅಡ್ಡ ಮಾಡಲೂ ಇಲ್ಲ. ಮಂಡಿ ಮಡಿಸಿ ಕೂತ, ಹಾಗೇ ಮಗುಚಿಕೊಂಡ.

ಹುಡುಗರು ಕೂಗಿದರು. ಒಬ್ಬ ನನ್ನ ಬೆನ್ನು ತಟ್ಟಿದ. ಬುಧ್‌ರಾಮ್ ಮೊದಲು ಓಡಿದ, ಅವನ ಹಿಂದೆ ಉಳಿದವರು, ಮಚ್ಚುಗಳನ್ನು ಎತ್ತಿ ಹಿಡಿದುಕೊಂಡು. ಹೆಂಗಸು ಬಿದ್ದವನ ಮೇಲೆ ಅಡ್ಡ ಮಲಗಿದಳು. ಟೋಪಿ ಉರುಳಿ ಕಾಲುವೆಗೆ ಬಿತ್ತು, ಜಡೆ ಬಿಚ್ಚಿಕೊಂಡಿತು.

"ಭೈಯಾ! ಭೈಯಾ, ಇವ್ನು ಕಥ್ಬರ್ಟ್! ನಿಲ್ಸೋಕೆ ಹೇಳು ಭೈಯಾ!"

ಫುಲ್ಮತಿಯ ದನಿ. ನಾನು ಕೂಗಿದೆ ಎಂದೇ ನನ್ನ ನೆನಪು. ಅಷ್ಟು ಗದ್ದಲದಲ್ಲಿ ಒಬ್ಬನ ದನಿ ಯಾರಿಗೆ ಕೇಳುತ್ತದೆ? ಮೊದಲ ಏಟು ಅವಳ ತೋಳಿಗೆ ಬಿತ್ತು. ಅವಳನ್ನು ಪಕ್ಕಕ್ಕೆ ಎಳೆದ ಮೇಲೆ ಉಳಿದವೆಲ್ಲ ಅವನಿಗೆ. ಒದ್ದೆ ಕಬ್ಬಿಗೆ ಮಚ್ಚು ಬಿದ್ದ ಸದ್ದೇ. ನಾನು ಹತ್ತಿರ ಹೋದಾಗ ಅವನು ಇನ್ನೂ ಉಸಿರಾಡುತ್ತಿದ್ದ. ಒಂದು ಕಣ್ಣು ಇತ್ತು, ಅದು ನನ್ನನ್ನು ಕಂಡಿತೋ ಇಲ್ಲವೋ ಹೇಳಲಾರೆ. ಏನೋ ಹೇಳಲು ತುಟಿ ಅಲ್ಲಾಡಿಸಿದ. ಬಾಯಲ್ಲಿ ರಕ್ತ ತುಂಬಿ ಗುಳ್ಳೆ ಒಡೆಯಿತು, ಅಷ್ಟೆ.

ಅವನು ಬರಬಾರದಿತ್ತು. ಸೇತುವೆಯ ಕಟ್ಟಳೆ ಎರಡೂ ಕಡೆ ಎಲ್ಲರಿಗೂ ಗೊತ್ತಿತ್ತು. ಮೊದಲು ಒಂದು ಮಾತು ಹೇಳಿ ಕಳಿಸಬಹುದಿತ್ತು.

ಮೇ 25

ಭುಜ ಊದಿಕೊಂಡಿದೆ. ಎಣ್ಣೆ ಹಚ್ಚಿಸಿಕೊಂಡೆ.

ಮೇ 28

ಫುಲ್ಮತಿ ನನ್ನ ಮನೆಯಲ್ಲೇ ಇದ್ದಾಳೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಹೊಲಿಗೆ. ಊಟ ಮಾಡುತ್ತಾಳೆ, ಮಾತಿಲ್ಲ. ಇವತ್ತು ತಟ್ಟೆ ತೆಗೆದುಕೊಂಡು ಹೋದಾಗ ಮೊದಲ ಸಲ ಬಾಯಿ ತೆರೆದಳು.

"ಐರಿಸ್ ಮನೇಲಿ ನಾನಿದ್ದೀನಿ ಅಂತ ಅವರೂರಿನೋರಿಗೆ ಗೊತ್ತಾಗಿ ಬಾಗಿಲಿಗೆ ಪೆಟ್ರೋಲ್ ತಂದಿದ್ರು. ಕಥ್ಬರ್ಟ್ ಹೊಸ್ತಿಲ ಮೇಲೆ ಕುರ್ಚಿ ಹಾಕ್ಕೊಂಡು ಕೂತ. ಇಡೀ ದಿನ ಕೂತ. ಒಳಗೆ ಹೋಗೋದಾದ್ರೆ ನನ್ನ ಮೇಲೆ ಹೋಗಿ ಅಂದ."

ನಾನು ತಟ್ಟೆ ಕೆಳಗಿಟ್ಟೆ.

"ಐರಿಸ್ ಫ್ರಾಕು ನಂಗೆ ಹಾಕ್ಸಿ, ನಡಿ, ನಿನ್ನ ಮನೆಗೆ ಬಿಟ್ಟು ಬರ್ತೀನಿ ಅಂದ. ನಾನು ಬೇಡ ಅಂದೆ. ಆಚೆ ಕಡೆ ನಂದನ್ ಇದಾನೆ, ಭಯ ಯಾಕೆ ಅಂದ."

"ಹೊಗೆ ಇತ್ತು, ಫುಲ್ಮತಿ. ಮುಖ ಕಾಣ್ಲಿಲ್ಲ."

"ಮುಖ ಯಾಕೆ ಬೇಕು? ಕಾಲು ಅಗಲ ಹಾಕಿ ಆ ಥರ ನಡೆಯೋನು ಈ ಕರಾವಳೀಲಿ ಇನ್ನೊಬ್ಬ ಇದಾನಾ? ನಂಗೆ ಅರ್ಧ ಮೈಲಿಯಿಂದ ಗೊತ್ತಾಗುತ್ತೆ. ನಿಂಗೆ ಗೊತ್ತಾಗ್ಲಿಲ್ವಾ ಭೈಯಾ?"

ಗಾಯದ ಜ್ವರ ಇನ್ನೂ ಇಳಿದಿಲ್ಲ. ವೈದ್ಯರನ್ನು ಮತ್ತೆ ಕರೆಸಬೇಕು.

ಜೂನ್ 3

ಪೊಲೀಸ್ ಅಧಿಕಾರಿ ಬಂದು ಹೇಳಿಕೆ ಬರೆದುಕೊಂಡ. ಎರಡೂ ಕಡೆಯಿಂದ ಕಲ್ಲು ಬಿದ್ದವು, ಹೊಗೆಯಲ್ಲಿ ಯಾರು ಯಾರೆಂದು ಕಾಣಲಿಲ್ಲ ಎಂದೆ. ಬುಧ್‌ರಾಮನನ್ನು ಕರೆದುಕೊಂಡು ಹೋದವರು ಸಂಜೆಗೆ ಬಿಟ್ಟರು. ಸಾಕ್ಷಿ ಹೇಳುವವರು ಯಾರೂ ಇಲ್ಲ. ಫುಲ್ಮತಿಗೆ ಜ್ವರ, ಮಾತಾಡುವ ಸ್ಥಿತಿಯಲ್ಲಿಲ್ಲ ಎಂದು ನಾನೇ ಹೇಳಿ ಅವರನ್ನು ಮೆಟ್ಟಿಲಿನಿಂದ ವಾಪಸು ಕಳಿಸಿದೆ.

ರಾಜಧಾನಿಯಿಂದ ಪಕ್ಷದ ಕಾರ್ಯದರ್ಶಿ ಬಂದಿದ್ದರು. ವರ್ಷದ ಕೊನೆಗೆ ಚುನಾವಣೆಯಂತೆ. "ಈ ಸಲ ನಿಮ್ಮ ಕ್ಷೇತ್ರದ ಬಗ್ಗೆ ನಮಗೆ ಚಿಂತೇನೇ ಇಲ್ಲ ನಂದನ್ ಭಾಯ್. ಜನ ನಿಮ್ಮನ್ನ ದೇವರ ಥರ ನೋಡ್ತಿದಾರೆ" ಅಂದರು. ಸೇತುವೆಯಾಚೆಯ ವೋಟು ಎಂದು ನಾನು ಏನೋ ಹೇಳಲು ಹೊರಟೆ. ಅವರು ನಕ್ಕರು. ನಿಜ, ಆ ಲೆಕ್ಕ ಈಗ ಯಾರು ಹಾಕುತ್ತಾರೆ?

ಹೊರಗೆ ಹುಡುಗರು ಒಬ್ಬ ಹೊಸಬನಿಗೆ ಆ ಎಸೆತದ ಕಥೆ ಹೇಳುತ್ತಿದ್ದರು. ದೂರ ಎರಡರಷ್ಟಾಗಿದೆ. ಹೋಗಿ ತಿದ್ದಬೇಕೆನಿಸಿತು. ತಿದ್ದಲಿಲ್ಲ.

ಜೂನ್ 8

ಫುಲ್ಮತಿ ಹೋದಳು.

ಬೆಳಿಗ್ಗೆ ಸ್ನಾನ ಮಾಡಿ, ತಲೆಗೆ ಬಿಳಿ ಓಢನಿ ಹೊದ್ದು, ಬಟ್ಟೆ ಗಂಟು ಕಟ್ಟಿಕೊಂಡು ಮೆಟ್ಟಿಲಿಳಿದಳು.

"ಎಲ್ಲಿಗೆ?"

"ಐರಿಸ್ ಒಬ್ಳೇ ಇದಾಳೆ. ಮಗಳು ಎಳೇ ಕೂಸು ಹಿಡ್ಕೊಂಡು ಕೂತಿದಾಳೆ. ಮನೇಲಿ ಗಂಡಸರು ಅಂತ ಯಾರೂ ಉಳಿದಿಲ್ಲ."

"ಹುಚ್ಚು ಹಿಡಿದಿದೆಯಾ? ಅವ್ರು ನಿನ್ನ ಕೊಂದು ಹಾಕ್ತಾರೆ."

"ಹಾಕ್ಲಿ. ಮುಂದಿನಿಂದ ಹಾಕ್ತಾರೆ, ಮುಖ ನೋಡಿ ಹಾಕ್ತಾರೆ."

ನಾನು ಅವಳ ಗಂಟು ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ, ನನ್ನ ಕೈಯನ್ನೇ ನೋಡುತ್ತಾ ನಿಂತಳು. ಬಿಟ್ಟೆ.

ಸೇತುವೆಯವರೆಗೂ ಅವಳ ಹಿಂದೆಯೇ ಹೋದೆ. ಬುಧ್‌ರಾಮ್ ಎದ್ದು ನಿಂತ. "ಸಾಬ್, ತಡೀಬೇಕಾ?" ಯಾರೂ ಮುಟ್ಟಬೇಡಿ ಅಂದೆ. ಅವಳು ಹಲಗೆಗಳ ಮೇಲೆ ನಡೆದಳು. ಆಚೆ ತುದಿಯಲ್ಲಿ ದೊಣ್ಣೆ, ಕಬ್ಬಿಣದ ಸಲಾಕಿ ಹಿಡಿದು ಗುಂಪು ಸೇರಿತು. ಅವಳು ನಿಲ್ಲಲಿಲ್ಲ. ಗುಂಪಿನೊಳಗಿಂದ ಐರಿಸ್ ಬಂದಳು, ಕಪ್ಪು ಬಟ್ಟೆಯಲ್ಲಿ. ಇಬ್ಬರೂ ಎದುರಾಬದುರು ನಿಂತರು. ಐರಿಸ್ ಅವಳ ಕೆನ್ನೆಗೆ ಹೊಡೆದಳು. ಈಚೆಗೂ ಕೇಳಿಸುವಂಥ ಹೊಡೆತ. ಮತ್ತೊಂದು ಹೊಡೆದಳು. ಫುಲ್ಮತಿ ಮುಖ ತಿರುಗಿಸಲಿಲ್ಲ. ಮೂರನೆಯದಕ್ಕೆ ಎತ್ತಿದ ಕೈ ಅಲ್ಲೇ ನಿಂತಿತು. ಐರಿಸ್ ಅವಳ ಗಾಯದ ತೋಳನ್ನು ನೋಡಿ, ಬಟ್ಟೆ ಗಂಟನ್ನು ಅವಳ ಕೈಯಿಂದ ತೆಗೆದುಕೊಂಡು, ತಿರುಗಿ ಮುಂದೆ ನಡೆದಳು. ಫುಲ್ಮತಿ ಹಿಂದೆ ನಡೆದಳು. ಗುಂಪು ದಾರಿ ಬಿಟ್ಟಿತು.

 ಬುಧ್‌ರಾಮ್ ನೆಲ ಕೆರೆಯುತ್ತಾ ಕೂತಿದ್ದ.

ಅವಳನ್ನು ಅಲ್ಲಿ ಹೀಗೆ ಬಿಡಲಾಗುವುದಿಲ್ಲ. ಚುನಾವಣೆಯ ಹೊತ್ತಿಗೆ ಮೆಂಬರನ ತಂಗಿ ಅವರ ಮನೆಯಲ್ಲಿದ್ದಾಳೆ ಎಂದರೆ ಜನ ಏನೆಂದಾರು? ಆಚೆ ಊರಿನಲ್ಲಿ ಯಾರಿಗಾದರೂ ಹೇಳಿ, ಸಮಾಧಾನ ಮಾಡಿಸಿ ಕರೆತರಬೇಕು. ಯಾರಿಗೆ ಹೇಳುವುದು ಎಂದು ಸಂಜೆಯಿಂದ ಯೋಚಿಸುತ್ತಿದ್ದೇನೆ. ಒಂದು ಹೆಸರೂ ಹೊಳೆಯುತ್ತಿಲ್ಲ. ಬ್ಯೂಫೋರ್ಟಿನಲ್ಲಿ ಏನೇ ಕೆಲಸವಿದ್ದರೂ ಇಷ್ಟು ವರ್ಷ ಒಬ್ಬನಿಗೇ ಹೇಳಿ ಕಳಿಸುತ್ತಿದ್ದೆ.